ಮೊದಲು ಪ್ರಾರ್ಥನೆ, ಆಮೇಲೆ ಎಣ್ಣೆ: ಹವಾಯಿಯ ಲೋಮಿಲೋಮಿ ಮಸಾಜ್ ಬಂದ ದಾರಿ

1777ರ ಸೆಪ್ಟೆಂಬರ್. ಟಹೀಟಿ ದ್ವೀಪದ ಮಟವಾಯ್ ಕೊಲ್ಲಿಯಲ್ಲಿ ಇಂಗ್ಲೆಂಡಿನ ಹಡಗೊಂದು ಲಂಗರು ಹಾಕಿತ್ತು. ಅದರ ಕ್ಯಾಪ್ಟನ್ ಜೇಮ್ಸ್ ಕುಕ್‌ಗೆ ಸೊಂಟದಿಂದ ಪಾದದವರೆಗೆ ವಿಪರೀತ ನೋವು. ಸುದ್ದಿ ತಿಳಿದು ದ್ವೀಪದ ದೊರೆಯ ತಾಯಿ, ಮೂವರು ಅಕ್ಕತಂಗಿಯರು, ಇನ್ನೂ ಎಂಟು ಜನ ಹೆಂಗಸರು ಹಡಗು ಹತ್ತಿ ಬಂದರು. ಕ್ಯಾಬಿನ್ನಿನ ನೆಲಕ್ಕೆ ಹಾಸಿಗೆ ಹಾಕಿಸಿ, ನಡುವೆ ಮಲಗಿಕೋ ಅಂದರು. ಅವನು ಮಲಗಿದ್ದೇ ತಡ, ಸುತ್ತ ಜಾಗ ಸಿಕ್ಕವರೆಲ್ಲ ಕೂತು ತಲೆಯಿಂದ ಕಾಲಿನವರೆಗೆ ಎರಡೂ ಕೈಯಲ್ಲಿ ಹಿಂಡಿದರು. ಮೂಳೆ ಲಟಲಟ ಅನ್ನುವಷ್ಟು ಹಿಂಡಿದರು. ಕಾಲು ಗಂಟೆಗೆ ಕುಕ್ ಸಾಕಪ್ಪಾ ಸಾಕು ಅಂತ ಎದ್ದ. ಆದರೆ ನೋವು ಕಡಿಮೆಯಾಗಿತ್ತು. ಮಲಗುವ ಮೊದಲು ಮತ್ತೊಮ್ಮೆ ಮಾಡಿಸಿಕೊಂಡ, ಮರುದಿನವೂ ಮಾಡಿಸಿಕೊಂಡ. ನೋವು ಪೂರ್ತಿ ಹೋಯಿತು. ದಿನಚರಿಯಲ್ಲಿ ಇದಕ್ಕೆ 'ರೋಮಿ' ಅನ್ನುತ್ತಾರೆ ಎಂದು ಬರೆದುಕೊಂಡ.

ನಾಲ್ಕು ತಿಂಗಳ ನಂತರ, 1778ರ ಜನವರಿಯಲ್ಲಿ, ಅದೇ ಹಡಗು ಹವಾಯಿ ದ್ವೀಪಗಳನ್ನು ಮುಟ್ಟಿತು. ಅಲ್ಲಿನವರ ಬಾಯಲ್ಲಿ ಟಹೀಟಿಯ 'ರ' ಹೋಗಿ 'ಲ' ಆಗುತ್ತದೆ. ರೋಮಿ ಅಲ್ಲಿ ಲೋಮಿ. ನ್ಯೂಜಿಲೆಂಡಿನ ಮಾವೊರಿಗಳಲ್ಲಿ ಇದೇ ವಿದ್ಯೆಗೆ ರೊಮಿರೊಮಿ ಅನ್ನುತ್ತಾರೆ. ಸಾವಿರಾರು ಕಿಲೋಮೀಟರ್ ಸಮುದ್ರ ನಡುವೆ ಇಟ್ಟುಕೊಂಡ ಮೂರು ಜನಾಂಗಗಳಿಗೆ ಒಂದೇ ಮಾತು. ಅಂದರೆ ಈ ಕೈಚಳಕ ಹವಾಯಿಯಲ್ಲಿ ಹುಟ್ಟಿದ್ದಲ್ಲ. ಮೊದಲ ವಲಸಿಗರ ಜೊತೆ ದೋಣಿಯಲ್ಲೇ ಬಂದಿರಬೇಕು.

ಲೋಮಿ ಅಂದರೆ ಹಿಸುಕು, ನಾದು, ಒತ್ತು. ಲೋಮಿಲೋಮಿ ಅಂತ ಎರಡು ಸಲ ಹೇಳಿದರೆ ಆ ಕೆಲಸ ಮತ್ತೆ ಮತ್ತೆ ಆಗುತ್ತಿದೆ ಅಂತ. ನಾವು 'ತಿಕ್ಕಿ ತಿಕ್ಕಿ', 'ಒತ್ತಿ ಒತ್ತಿ' ಅನ್ನುವ ಹಾಗೆ. ಇದರಲ್ಲಿ ಗೂಢಾರ್ಥ ಏನೂ ಇಲ್ಲ. ಹವಾಯಿ ಊಟದಲ್ಲಿ ಲೋಮಿ ಸಾಲ್ಮನ್ ಅಂತ ಒಂದು ಪದಾರ್ಥವಿದೆ. ಉಪ್ಪು ಹಾಕಿದ ಮೀನನ್ನು ಟೊಮೆಟೊ, ಈರುಳ್ಳಿ ಜೊತೆ ಕೈಯಲ್ಲೇ ಕಿವುಚಿ ಮಾಡುವುದು. ಅದೇ ಲೋಮಿ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಇವತ್ತು ಸ್ಪಾ ಮೆನುಗಳಲ್ಲಿ ಲೋಮಿಲೋಮಿ ಅಂದರೆ 'ಪುರಾತನ ಹವಾಯಿ ದೇವಾಲಯಗಳ ರಹಸ್ಯ ವಿದ್ಯೆ'. ಮಂದ ಬೆಳಕು, ಸಮುದ್ರದ ಸದ್ದು, ಮುಂಗೈಯಿಂದ ಉದ್ದಕ್ಕೆ ಎಳೆಯುವ ಎಣ್ಣೆ ತಿಕ್ಕಾಟ. ಚೆನ್ನಾಗೇ ಇರುತ್ತದೆ, ಇಲ್ಲ ಅನ್ನಲಾರೆ. ಆದರೆ ಲೋಮಿಲೋಮಿಯ ಬೇರು ಹುಡುಕುತ್ತಾ ಹೋದರೆ ಗುಡಿಗಿಂತ ಜಾಸ್ತಿ ಸಿಗುವುದು ಮನೆ.

ಹವಾಯಿ ಮನೆಗಳಲ್ಲಿ ಇದು ದಿನದ ಕೆಲಸವಾಗಿತ್ತು. ಮೀನು ಹಿಡಿದು ದಣಿದು ಬಂದವನಿಗೆ, ಬಸುರಿಗೆ, ಹೊಟ್ಟೆ ಭಾರವಾದವನಿಗೆ ಎಲ್ಲರಿಗೂ ಲೋಮಿ. ಹಸುಗೂಸಿನ ಮೂಗು, ಬೆರಳು ನೆಟ್ಟಗಾಗಲಿ ಅಂತ ಅಜ್ಜಿಯರು ಒತ್ತಿ ಒತ್ತಿ ತಿದ್ದುತ್ತಿದ್ದರು. ಹಿರಿಯರು ಬೋರಲು ಮಲಗಿ ಮಕ್ಕಳನ್ನು ಬೆನ್ನ ಮೇಲೆ ನಡೆಸುತ್ತಿದ್ದರು. ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮಜ್ಜನ ಬೆನ್ನು ತುಳಿದು ನಾಲ್ಕಾಣೆ ಗಿಟ್ಟಿಸಿಕೊಂಡವನು ನಾನು! ಬೆನ್ನು ಒತ್ತಲು ಯಾರೂ ಇಲ್ಲದವರಿಗೆ ಒಂದು ಉಪಾಯವೂ ಇತ್ತು: ಕೊಕ್ಕೆಯ ಹಾಗೆ ಬಾಗಿದ ಕೋಲು. ಹೆಗಲ ಮೇಲಿಂದ ಹಾಕಿ, ಹಿಡಿ ಎಳೆದರೆ ಕೋಲಿನ ತುದಿ ಬೆನ್ನಿನ ನೋವಿರುವ ಜಾಗಕ್ಕೆ ಒತ್ತುತ್ತದೆ.

ಯಜಮಾನರು, ಅಂದರೆ ಅಲಿಇ ಎಂಬ ಅರಸು ವರ್ಗ, ಊಟವಾದ ಮೇಲೆ ಗಂಟೆಗಟ್ಟಲೆ ಮೈ ಒತ್ತಿಸಿಕೊಳ್ಳುತ್ತಿತ್ತು. 'ಲುವಾ' ಎಂಬ ಕೈಕಾಳಗದ ಗುರುಗಳಿಗೂ ಲೋಮಿ ಗೊತ್ತಿತ್ತು. ಕೀಲು ತಪ್ಪಿಸಲು ಬಲ್ಲವನಿಗೆ ಕೂಡಿಸಲೂ ಬರಬೇಕಲ್ವಾ.

ಇನ್ನು ಕಾಯಿಲೆ ಗಟ್ಟಿಯಾದಾಗ ಕಹುನಾ ಬರುತ್ತಿದ್ದ. ಕಹುನಾ ಅಂದರೆ ಮಂತ್ರವಾದಿ ಅಂತ ಹೊರಗಿನವರು ತಿಳಿದರು. ಅದು ಸರಿಯಲ್ಲ. ಯಾವುದೇ ವಿದ್ಯೆಯಲ್ಲಿ ಪಳಗಿದವನು ಕಹುನಾ. ದೋಣಿ ಕೊರೆಯುವ ಬಡಗಿಯೂ ಕಹುನಾ. ವೈದ್ಯರಲ್ಲೇ ಹಲವು ಬಗೆ: ಗಿಡಮೂಲಿಕೆ ಬಲ್ಲವನು ಒಬ್ಬ, ಬರೀ ಬೆರಳ ತುದಿಯಿಂದ ಮುಟ್ಟಿ ರೋಗ ಹೇಳುವವನು ಇನ್ನೊಬ್ಬ. ಇವನಿಗೆ 'ಹಾಹಾ' ಕಹುನಾ ಅನ್ನುತ್ತಿದ್ದರು. ಹಾಹಾ ಅಂದರೆ ತಡವಿ ನೋಡುವುದು.

ಈ ತಡವುವ ವಿದ್ಯೆ ಕಲಿಸುತ್ತಿದ್ದ ರೀತಿ ಕೇಳಿ. ನೆಲದ ಮೇಲೆ ನೂರಾರು ಬೆಣಚು ಕಲ್ಲು ಜೋಡಿಸಿ ಒಬ್ಬ ಮನುಷ್ಯನ ಆಕಾರ ಮಾಡುತ್ತಿದ್ದರು. ತಲೆಯಿಂದ ಪಾದದವರೆಗೆ ಕಲ್ಲಿನ ಮನುಷ್ಯ. ಗುರು ಒಂದೊಂದೇ ಕಲ್ಲು ತೋರಿಸಿ ಇಲ್ಲಿ ಈ ರೋಗ, ಅಲ್ಲಿ ಆ ಗಂಟು ಅಂತ ಹೇಳಬೇಕು, ಶಿಷ್ಯ ಬೆರಳಿಟ್ಟು ನೆನಪಿಡಬೇಕು. ಕಲ್ಲಿನ ಪಾಠ ಪಕ್ಕಾ ಆದ ಮೇಲೇ ನಿಜವಾದ ಮೈ. ಪುಸ್ತಕವಿಲ್ಲದ ಕಾಲದ ಅಂಗರಚನಾ ಶಾಸ್ತ್ರ ಅಂದರೆ ಇದೇ.

ಈ ವಿದ್ಯೆಯ ದೇವರು ಯಾರು? ಅದಕ್ಕೊಂದು ಕಥೆ. ಕಮಕನುಯಿಆಹಾಇಲೋನೋ ಎಂಬ ವೈದ್ಯ ದಾರಿಯಲ್ಲಿ ಹೋಗುತ್ತಿದ್ದ. ಹೊಲದಲ್ಲಿ ಲೋನೋ ಎಂಬ ನಾಯಕ ಅಗೆಯುತ್ತಿದ್ದ. ವೈದ್ಯ ಅವನ ಮೈಬಣ್ಣ ನೋಡಿ ನಿನಗೆ ಕಾಯಿಲೆ ಇದೆ ಅಂದ. ಗಟ್ಟಿಮುಟ್ಟಾಗಿ ಕೆಲಸ ಮಾಡುತ್ತಿದ್ದವನಿಗೆ ಸಿಟ್ಟು ಬಂತು. ನಾನಾ, ಕಾಯಿಲೆಯಾ ಅಂತ ಅಗೆಯುವ ಕೋಲು ಎತ್ತಿ ಹಾಕಿದ. ಕೋಲು ಅವನ ಪಾದಕ್ಕೇ ಚುಚ್ಚಿತು. ರಕ್ತ ನಿಲ್ಲಲಿಲ್ಲ. ವೈದ್ಯ ವಾಪಸ್ ಬಂದು ಪೊಪೊಲೊ ಗಿಡದ ಹಣ್ಣನ್ನು ಉಪ್ಪು ಸೇರಿಸಿ ಜಜ್ಜಿ ಗಾಯಕ್ಕೆ ಕಟ್ಟಿದ. ವಾಸಿಯಾದ ಲೋನೋ ಹೊಲ ಬಿಟ್ಟು ಅವನ ಹಿಂದೆಯೇ ನಡೆದ. ಶಿಷ್ಯನ ಬಾಯಿಗೆ ಉಗುಳಿ ಗುರು ವಿದ್ಯೆ ಧಾರೆಯೆರೆದ. ಮುಂದೆ ಇವನೇ ಲೋನೋಪುಹಾ, ವೈದ್ಯರ ದೇವರು.

ಉಗುಳಿದ್ದು ಅಸಹ್ಯ ಅನ್ನಿಸಬಹುದು. ಆದರೆ ಅಲ್ಲಿ ಕೊಟ್ಟಿದ್ದು ಎಂಜಲಲ್ಲ, 'ಮನ'. ನಮ್ಮ ಮನಸ್ಸಿನ 'ಮನ' ಅಲ್ಲ ಇದು. ಹವಾಯಿಯವರ ಮನ ಅಂದರೆ ದೇವರಿಂದ, ಪೂರ್ವಜರಿಂದ ಇಳಿದು ಬರುವ ಶಕ್ತಿ. ಅದು ಮನುಷ್ಯರಲ್ಲಿ, ಕಲ್ಲಿನಲ್ಲಿ, ಮಾತಿನಲ್ಲಿ ಇರುತ್ತದೆ. ಗುಣಪಡಿಸುವುದು ಕೈಯಲ್ಲ, ಕೈಯ ಮೂಲಕ ಹರಿಯುವ ಮನ. ಹಾಗಾಗಿ ಲೋಮಿ ಶುರುವಾಗುವುದು ಪ್ರಾರ್ಥನೆಯಿಂದ, ಮುಗಿಯುವುದೂ ಪ್ರಾರ್ಥನೆಯಿಂದ. ಅದಕ್ಕೆ 'ಪುಲೆ' ಎನ್ನುತ್ತಾರೆ. ಮದ್ದಿನ ಎಲೆ ಕೀಳುವಾಗಲೂ ಅಷ್ಟೇ. ಬಲಗೈಯಿಂದ ಕಿತ್ತರೆ ಕೂ ದೇವರ ಹೆಸರು, ಎಡಗೈಯಿಂದ ಕಿತ್ತರೆ ಹಿನಾ ದೇವಿಯ ಹೆಸರು.

ಇನ್ನೂ ಒಂದು ನಂಬಿಕೆ ಇತ್ತು. ಮನೆಯಲ್ಲಿ ಜಗಳ, ಮುಚ್ಚಿಟ್ಟ ತಪ್ಪು, ನುಂಗಿಕೊಂಡ ಸಿಟ್ಟು ಇದ್ದರೆ ಅದು ಯಾರದಾದರೂ ಮೈಯಲ್ಲಿ ಕಾಯಿಲೆಯಾಗಿ ಏಳುತ್ತದೆ. ಆಗ ಬರೀ ಮೈ ತಿಕ್ಕಿದರೆ ಸಾಲದು. ಮನೆಮಂದಿಯನ್ನೆಲ್ಲ ಕೂರಿಸಿ, ಹಿರಿಯರೊಬ್ಬರು ನಡುವೆ ಕೂತು, ತಪ್ಪು ಒಪ್ಪಿಸಿ, ಕ್ಷಮೆ ಕೇಳಿಸಿ ಗಂಟು ಬಿಚ್ಚಬೇಕು. ಇದೇ ಹೊಓಪೊನೊಪೊನೊ. ಇವತ್ತು ವಾಟ್ಸಾಪ್‌ನಲ್ಲಿ 'ಕ್ಷಮಿಸು, ಧನ್ಯವಾದ' ಅಂತ ನಾಲ್ಕು ಸಾಲಿನ ಮಂತ್ರವಾಗಿ ಓಡಾಡುತ್ತದಲ್ಲ, ಅದು ಬಹಳ ಈಚಿನ ರೂಪ. ಇದನ್ನು ಒಬ್ಬೊಬ್ಬರೇ ಮಾಡಿಕೊಳ್ಳುವಂತೆ ಮೊದಲು ಬದಲಿಸಿದವರು ಮಾರ್ನಾ ಸಿಮಿಯೋನಾ (1913–1992). ಅವರೂ ಲೋಮಿಲೋಮಿ ಮಾಡುತ್ತಿದ್ದವರೇ. ಹಳೆಯ ಪದ್ಧತಿಯಲ್ಲಿ ಒಬ್ಬರೇ ಕೂತು ಮಾಡುವ ಮಾತೇ ಇರಲಿಲ್ಲ. ಜಗಳ ಇಬ್ಬರದ್ದಲ್ವಾ?

ಹಾಗಂತ ಗುಡಿ ಇರಲೇ ಇಲ್ಲ ಅಂತಲ್ಲ. ಓಅಹು ದ್ವೀಪದ ಐಏಯಾ ಬೆಟ್ಟದ ಮೇಲೆ ಕೆಯಾಈವಾ ಎಂಬ ಚಿಕಿತ್ಸೆಯ ಗುಡಿಯ ಕಲ್ಲುಗೋಡೆ ಇನ್ನೂ ಇದೆ. ಸುತ್ತ ಮದ್ದಿನ ಗಿಡಗಳು. ಕಹುನಾಗಳು ಅಲ್ಲಿ ಕಲಿಸುತ್ತಿದ್ದರು, ರೋಗಿಗಳನ್ನು ನೋಡುತ್ತಿದ್ದರು. ಮೊದಲು ಪೆಟ್ಟು ತಿಂದಿದ್ದು ಇಂಥ ಜಾಗಗಳೇ.

1819ರಲ್ಲಿ ಎರಡನೇ ಕಮೆಹಮೆಹಾ ದೊರೆ, ಹೆಂಗಸರ ಜೊತೆ ಕೂತು ಉಂಡ. ಗಂಡು ಹೆಣ್ಣು ಒಟ್ಟಿಗೆ ಉಣ್ಣಬಾರದು ಎಂಬ ಕಪು, ಅಂದರೆ ಮಡಿಯ ಕಟ್ಟಳೆ, ಆ ಒಂದೇ ಊಟಕ್ಕೆ ಮುರಿಯಿತು. ಅದರ ಬೆನ್ನಿಗೇ ಗುಡಿಗಳನ್ನು ಕೆಡವಲು ಅಪ್ಪಣೆಯಾಯಿತು. ಮರುವರ್ಷ, 1820ರಲ್ಲಿ, ಬಾಸ್ಟನ್‌ನಿಂದ ಮಿಷನರಿಗಳು ಬಂದಿಳಿದರು. ಅವರ ಕಣ್ಣಿಗೆ ಕಹುನಾ ಅಂದರೆ ಮಾಟಗಾರ. ಇದರ ಜೊತೆ ಹೊರಗಿನ ರೋಗಗಳೂ ಹಡಗಿಳಿದವು. 1848ರಲ್ಲಿ ದಡಾರ, 1853ರಲ್ಲಿ ಸಿಡುಬು. ಕುಕ್ ಬಂದಾಗ ಲಕ್ಷಗಟ್ಟಲೆ ಇದ್ದ ಹವಾಯಿ ಜನ 1890ರ ಹೊತ್ತಿಗೆ ಸುಮಾರು 40,000ಕ್ಕೆ ಇಳಿದರು. ಸಿಡುಬಿಗೆ ಲೋಮಿ ಏನು ಮಾಡೀತು? ಹಳೆಯ ವೈದ್ಯರ ಮೇಲಿನ ನಂಬಿಕೆ ಸಡಿಲವಾಯಿತು.

ನನಗೆ ಕುತೂಹಲ ಅನ್ನಿಸುವುದು ಇಲ್ಲಿ. ಗುಡಿ ಬಿತ್ತು, ಪೂಜಾರಿ ಹೋದ, ಆದರೆ ಲೋಮಿ ಉಳಿಯಿತು. ಯಾಕೆಂದರೆ ಅಜ್ಜಿ ಮೊಮ್ಮಗನ ಕಾಲು ಒತ್ತುವುದು ಯಾರಿಗೂ 'ಧರ್ಮ'ವಾಗಿ ಕಾಣಲಿಲ್ಲ. ಕುದುರೆ ಸವಾರಿ ಮಾಡಿ ಮೈ ನೋಯಿಸಿಕೊಂಡ ಬಿಳಿಯರೂ ಲೋಮಿ ಮಾಡಿಸಿಕೊಂಡು ಹೊಗಳಿದರು. ಒಳಗೆ ಪುಲೆ ಮಾತ್ರ ಹೆಸರು ಬದಲಿಸಿತು. ಎಷ್ಟೋ ಮನೆಗಳಲ್ಲಿ ಕೂ, ಹಿನಾ ಇದ್ದ ಜಾಗಕ್ಕೆ ಯೇಸು ಬಂದ. ಪ್ರಾರ್ಥನೆ ನಿಲ್ಲಲಿಲ್ಲ.

ನಿಜವಾದ ಏಟು ಬಿದ್ದಿದ್ದು ಮಾತಿನ ಮೇಲೆ. 1893ರಲ್ಲಿ ರಾಣಿ ಲಿಲಿಉಒಕಲಾನಿಯನ್ನು ಗದ್ದುಗೆಯಿಂದ ಇಳಿಸಿದರು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಪಾಠದ ಭಾಷೆ ಮಾಡಿತು. ಒಂದೆರಡು ತಲೆಮಾರಿಗೆ ಅಜ್ಜಿಯ ಕೈ ಅರ್ಥವಾಗುವ, ಅಜ್ಜಿಯ ಪುಲೆ ಅರ್ಥವಾಗದ ಮೊಮ್ಮಕ್ಕಳು ಬಂದರು. ಆಮೇಲೆ 1940ರ ದಶಕದಲ್ಲಿ ಮಸಾಜಿಗೆ ಸರ್ಕಾರದ ಲೈಸೆನ್ಸ್ ಬಂತು. ಕಲ್ಲಿನ ಮನುಷ್ಯನ ಮೇಲೆ ಪಾಠ ಕಲಿತವರ ಪರಂಪರೆಗೆ ಇಂಗ್ಲಿಷ್ ಪರೀಕ್ಷೆ!

ಹಳೆಯ ವಿದ್ಯೆಗಳಿಗೆ ಮತ್ತೆ ಬಾಗಿಲು ತೆರೆದಿದ್ದು 1970ರ ದಶಕ. ಹೋಕೂಲೆಅ ಎಂಬ ದೋಣಿ 1976ರಲ್ಲಿ ಹಳೆಯವರ ಹಾಗೆ ನಕ್ಷತ್ರ ನೋಡಿಕೊಂಡೇ ಟಹೀಟಿಗೆ ಹೋಯಿತು. 1978ರಲ್ಲಿ ಹವಾಯಿ ಭಾಷೆ ಮತ್ತೆ ರಾಜ್ಯದ ಅಧಿಕೃತ ಭಾಷೆಯಾಯಿತು. ಇದೇ ಹೊತ್ತಿಗೆ ಕೆಅಲಕೆಕುವಾ ಕೊಲ್ಲಿಯ ಹತ್ತಿರದ ಕಡಲ ತೀರದಲ್ಲಿ ಮಾರ್ಗರೆಟ್ ಮಚಾಡೋ (1916–2009) ತರಗತಿ ಶುರುಮಾಡಿದರು. ಎಲ್ಲರಿಗೂ ಅವರು 'ಆಂಟಿ ಮಾರ್ಗರೆಟ್'. ಅವರಿಗೆ ಕಲಿಸಿದ್ದು ಅಜ್ಜ. ಮನೆಯ ವಿದ್ಯೆಯನ್ನು ಹೊರಗಿನವರಿಗೆ, ಅದರಲ್ಲೂ ಬಿಳಿಯರಿಗೆ, ಹೇಳಿಕೊಡುವುದು ಆಗ ಸಣ್ಣ ಮಾತಲ್ಲ. ಅವರು ಯಾರನ್ನೂ ಬೇಡ ಅನ್ನಲಿಲ್ಲ. ಆದರೆ ಶಿಷ್ಯರು ಮೊದಲು ಕಲಿಯಬೇಕಾದದ್ದು ಪ್ರಾರ್ಥನೆ. ಲೋಮಿಲೋಮಿ ಅಂದರೆ ಪ್ರಾರ್ಥನೆಯ ಕೆಲಸ ಅನ್ನುತ್ತಿದ್ದರು. ಹಬೆ ಸ್ನಾನ, ಸಮುದ್ರದ ನೀರು, ಆಮೇಲೆ ಕೈ. ಇದೇ ಕೊಲ್ಲಿಯ ದಡದಲ್ಲೇ 1779ರಲ್ಲಿ ಕ್ಯಾಪ್ಟನ್ ಕುಕ್ ಹವಾಯಿಯವರ ಜೊತೆಗಿನ ಗಲಾಟೆಯಲ್ಲಿ ಸತ್ತಿದ್ದು.

ಸ್ಪಾ ಮೆನುವಿನ 'ದೇವಾಲಯ ಶೈಲಿ' ಬೇರೆ ಕವಲು. ಕವಾಯಿ ದ್ವೀಪದ ಏಬ್ರಹಾಂ ಕವಾಯಿಇ ಇದನ್ನು ಕಲಿಸಿದರು. ಉದ್ದಕ್ಕೆ ಎಳೆಯುವ ಮುಂಗೈ, ಸಂಗೀತ, ನೃತ್ಯದಂಥ ಹೆಜ್ಜೆ. ಅವರ ಶಿಷ್ಯರಿಂದ ಯುರೋಪ್, ಆಸ್ಟ್ರೇಲಿಯಾಗಳಿಗೆ ಹರಡಿತು. ಇದರ ಜೊತೆ ಮ್ಯಾಕ್ಸ್ ಫ್ರೀಡಂ ಲಾಂಗ್ ಎಂಬ ಅಮೆರಿಕನ್ 1930ರ ದಶಕದಲ್ಲಿ ಕಟ್ಟಿದ 'ಹುನಾ' ಎಂಬ ಸಿದ್ಧಾಂತವೂ ಬೆರೆತುಕೊಂಡಿತು. ಅದು ಹವಾಯಿಯ ರಹಸ್ಯ ವಿದ್ಯೆ ಅಂತ ಅವನ ವಾದ. ಹವಾಯಿಯ ಹಿರಿಯರು ಕಲಿಸಿದ್ದಲ್ಲ ಅದು, ಪುಸ್ತಕ ಬರೆದು ಹುಟ್ಟಿಸಿದ್ದು. ಗುಡಿಯ ಗುಟ್ಟು ಮಾರಾಟವಾದಷ್ಟು ಅಜ್ಜಿಯ ಕೈ ಮಾರಾಟವಾಗಲ್ಲ ನೋಡಿ.

1998ರಲ್ಲಿ ಹವಾಯಿ ಶಾಸನಸಭೆ ನಾಟಿ ವೈದ್ಯರಿಗೆ ವೈದ್ಯಕೀಯ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿತು. ಆದರೆ ನಾಟಿ ವೈದ್ಯ ಯಾರು ಅಂತ ತೀರ್ಮಾನಿಸುವುದು ಹೇಗೆ? ಓಅಹು ದ್ವೀಪದ ಕಹನಾ ಎಂಬಲ್ಲಿ ಸೇರಿದ ಹಿರಿಯರು, ಸರ್ಟಿಫಿಕೇಟು, ಲೈಸೆನ್ಸು, ಮೈಯಲ್ಲಿ ಎಷ್ಟು ಪಾಲು ಹವಾಯಿ ರಕ್ತ ಎಂಬ ಲೆಕ್ಕ ಯಾವುದೂ ನಮ್ಮ ವಿದ್ಯೆಗೆ ಹೊಂದುವುದಿಲ್ಲ ಅಂದರು. 2001ರಲ್ಲಿ ಕಾನೂನು ತಿದ್ದಿ, ಗುರುತಿಸುವ ಕೆಲಸವನ್ನು ಹಿರಿಯರ ಮಂಡಳಿಗಳಿಗೇ ಬಿಟ್ಟರು. ಈಗ ಅಲ್ಲಿ ಎರಡು ದಾರಿಗಳಿವೆ. ಮಸಾಜ್ ಲೈಸೆನ್ಸ್ ಬೇಕೆಂದರೆ 570 ಗಂಟೆ ತರಬೇತಿ, ಮೇಲೊಂದು ಪರೀಕ್ಷೆ. ಇನ್ನೊಂದು ದಾರಿಯಲ್ಲಿ ಹಿರಿಯರು ಕೇಳುವುದೇ ಬೇರೆ: ನಿನಗೆ ಕಲಿಸಿದವರು ಯಾರು?