ಮಾದರಿ ರೈಲಿನ ಪಾಯಿಂಟ್: ನಾಲಿಗೆ ಹೊರಳಿಸುವ ಲೆಕ್ಕ

ಬೆಳಗಾವಿ ಬಿಟ್ಟ ಗಾಡಿ ಲೋಂಡಾ ಮುಟ್ಟಿದ ಮೇಲೆ ಹುಬ್ಬಳ್ಳಿ ಕಡೆಗೂ ಹೊರಳಬಹುದು, ಕ್ಯಾಸಲ್‌ರಾಕ್ ದಾಟಿ ಗೋವಾಕ್ಕೂ ಇಳಿಯಬಹುದು. ಅದನ್ನು ನಿರ್ಧರಿಸುವುದು ಹಳಿ ಕವಲೊಡೆಯುವ ಜಾಗದ, ಅಂದರೆ ಪಾಯಿಂಟಿನ, ಎರಡು ಚೂಪು ಹಳಿಗಳು. ಇಲ್ಲಿ ಅವನ್ನು ನಾಲಿಗೆ ಎನ್ನುತ್ತೇನೆ. ಟೇಬಲ್ ಮೇಲಿನ ನನ್ನ ಪುಟ್ಟ ಲೋಂಡಾ ಎಚ್‌ಒ ಎಂಬ ಮಾದರಿ ಅಳತೆಯದು: ನಿಜದ ರೈಲಿನ 87ರಲ್ಲಿ ಒಂದು ಪಾಲು (1:87), ಹಳಿಗಳ ನಡುವೆ 16.5 ಮಿ.ಮೀ. ಎರಡೂ ನಾಲಿಗೆಗಳನ್ನು ಒಂದು ಅಡ್ಡಪಟ್ಟಿ ಹಿಡಿದಿರುತ್ತದೆ. ಅದನ್ನು ಸುಮಾರು 2.5 ಮಿ.ಮೀ. ಸರಿಸಿದರೆ ದಾರಿ ಬದಲು.

ಸರಿಸಲು ಯಾರಿಗಾದರೂ ಬರುತ್ತದೆ. ನಾಲಿಗೆಯ ತುದಿಯನ್ನು ಪಕ್ಕದ ಹಳಿಗೆ ಒತ್ತಿ ಹಿಡಿಯುವುದೇ ಕಷ್ಟ. ಸಣ್ಣ ಸಂದು ಉಳಿದರೂ ಚಕ್ರದ ಅಂಚು ಅಲ್ಲಿ ಹೊಕ್ಕು ಬೋಗಿ ಹಳಿ ಬಿಡುತ್ತದೆ. ನಾನು ಮೊದಲು ಅಡ್ಡಪಟ್ಟಿಗೆ ಬಾಗದ ದಪ್ಪ ತಂತಿ ಹಾಕಿ, ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಎಸ್‌ಜಿ90 ಎಂಬ ಪುಟ್ಟ ಸರ್ವೋ ಮೋಟಾರಿನ ಕೋನವನ್ನು ಕೂದಲೆಳೆಯಷ್ಟು ನಿಖರವಾಗಿ ಹೊಂದಿಸಿ ಬೀಗಿದ್ದೆ. ನಮ್ಮೂರ ಮಳೆಗಾಲ ಬಂತು, ಪ್ಲೈವುಡ್ ತೇವ ಹೀರಿತು. ಒಂದು ಬದಿಗೆ ಸಂದು ಬಿತ್ತು, ಇನ್ನೊಂದು ಬದಿಯಲ್ಲಿ ಸರ್ವೋ ದುಂಬಿಯಂತೆ ಗುಂಯ್ ಎನ್ನತೊಡಗಿತು.

ಮದ್ದು 0.8 ಮಿ.ಮೀ. ಸ್ಪ್ರಿಂಗ್ ಸ್ಟೀಲ್ ತಂತಿ. ಉಳಿದದ್ದು ಶಾಲೆಯ ಸನ್ನೆಗೋಲಿನ ಪಾಠ. ಹಲಗೆಯಲ್ಲಿ 8 ಮಿ.ಮೀ. ಸಡಿಲ ರಂಧ್ರ ಕೊರೆಯಿರಿ. ಅದರ ಅಡಿಗೆ ಸಣ್ಣ ತೂತಿನ ಪಟ್ಟಿ ಬಡಿದು ತಂತಿಯನ್ನು ಎರಡರಲ್ಲೂ ತೂರಿಸಿ, ಆ ಸಣ್ಣ ತೂತೇ ಆಧಾರಬಿಂದು. ಅಲ್ಲಿಂದ ಮೇಲೆ ಅಡ್ಡಪಟ್ಟಿಗೆ 15 ಮಿ.ಮೀ., ಕೆಳಗೆ ಸರ್ವೋ ಕೈಗೆ 20 ಮಿ.ಮೀ. ಎಂದಿಟ್ಟುಕೊಳ್ಳಿ. ಮೇಲೆ 2.5 ಸರಿಯಬೇಕಾದರೆ ಕೆಳಗೆ 2.5 × 20 ÷ 15, ಅಂದರೆ 3.3 ಮಿ.ಮೀ. ಸಾಕು. ನೀವು 5 ಕೊಡಿ. ಹೆಚ್ಚಾದ ಓಟಕ್ಕೆ ನಾಲಿಗೆ ಜಗ್ಗದು, ತಂತಿ ಬಾಗುತ್ತದೆ. ಬಾಗಿದ ತಂತಿಯೇ ನಾಲಿಗೆಯನ್ನು ಒತ್ತಿ ಹಿಡಿಯುತ್ತದೆ, ಹಲಗೆಯ ಚೂರುಪಾರು ಏರುಪೇರನ್ನೂ ನುಂಗಿಕೊಳ್ಳುತ್ತದೆ. ಸರ್ವೋ ಕೈ 15 ಮಿ.ಮೀ. ಇದ್ದರೆ ನಡುವಿನಿಂದ ಆಚೀಚೆ 10 ಡಿಗ್ರಿಯೊಳಗೇ ಕೆಲಸ ಮುಗಿಯುತ್ತದೆ. 180 ಡಿಗ್ರಿ ತಿರುಗುತ್ತದೆಂದು ಪೂರ್ತಿ ತಿರುಗಿಸಲು ಹೋಗಬೇಡಿ!

ಸರ್ವೋ ಬದಲು ಎರಡು ಸುರುಳಿಯ ಸೊಲೆನಾಯ್ಡ್ (ವಿದ್ಯುತ್ಕಾಂತ) ಮೋಟಾರೂ ಇದೆ. ಟಕ್ಕೆಂದು ಹೊರಳಿಸುತ್ತದೆ, ಆದರೆ ಗುಂಡಿ ಒತ್ತಿ ಹಿಡಿದರೆ ಸುರುಳಿ ಸುಟ್ಟೀತು. ನಿಧಾನಕ್ಕೆ ಹೊರಳುವ ನಾಲಿಗೆ ನೋಡುವ ಸುಖ ಅದರಲ್ಲಿಲ್ಲ.

ಮಾದರಿ ರೈಲಿಗೆ ವಿದ್ಯುತ್ ಹಳಿಗಳಿಂದಲೇ ಸಿಗುತ್ತದೆ. ಹಾಗಾಗಿ ಒಳಗಿನ ಹಳಿಗಳು ಕೂಡುವ ಕ್ರಾಸಿಂಗ್ ಲೋಹದ್ದಾಗಿದ್ದರೆ, ದಾರಿ ಬದಲಾದಂತೆ ಅದರ ವಿದ್ಯುತ್ ಧ್ರುವವೂ ಬದಲಾಗಬೇಕು. ಇಲ್ಲವಾದರೆ ಶಾರ್ಟ್. ಸರ್ವೋ ಕೈ ತಾಗುವಲ್ಲಿ ಒಂದು ಮೈಕ್ರೋಸ್ವಿಚ್ ಕೂರಿಸಿದರೆ ಸಾಕು. ಸರ್ವೋಗಳಿಗೆ 5 ವೋಲ್ಟ್ ಬೇರೆಯೇ ಇರಲಿ, ಅವನ್ನು ನಡೆಸುವ ಆರ್ಡುವಿನೋ ಬೋರ್ಡಿನ ಜೊತೆ ಗ್ರೌಂಡ್ ಮಾತ್ರ ಕೂಡಿಸಿ.

ಹಳಿ ಅಂಟಿಸುವ ಮೊದಲೇ ಪರೀಕ್ಷಿಸಿ. ನಾಲಿಗೆಯ ತುದಿ ಮತ್ತು ಹಳಿಯ ನಡುವೆ ತೆಳು ಕಾಗದದ ಚೂರು ಇಟ್ಟು ಪಾಯಿಂಟ್ ಹೊರಳಿಸಿ, ಮೆಲ್ಲಗೆ ಎಳೆಯಿರಿ. ಸಲೀಸಾಗಿ ಕೈಗೆ ಬಂದರೆ ಆ ಬದಿಗೆ ಇನ್ನೊಂದೆರಡು ಡಿಗ್ರಿ ಸೇರಿಸಿ.