‘ನಂಬರ್ ಮ್ಯಾಚಿಂಗ್’ ಎಂದಾಕ್ಷಣ ಮುಂಗಡ ಕೊಡಬಹುದೇ?

ಪ್ರಶ್ನೆ: ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ನೋಡಿಟ್ಟಿದ್ದೇನೆ. ಎಂಜಿನ್, ಚಾಸಿ ಎರಡರ ನಂಬರೂ ಕಾಗದಪತ್ರಕ್ಕೆ ಹೊಂದುತ್ತವೆ. ಅಸಲಿ ಎಂದು ನಂಬಬಹುದೇ?

ಉತ್ತರ: ಈಗಲೇ ಬೇಡ. ನಂಬರ್ ಹೊಂದುತ್ತದೆ ಎಂದರೆ ಆ ಅಂಕಿಗಳು ಅಲ್ಲಿವೆ ಎಂದಷ್ಟೇ ಆಯಿತು. ಅವನ್ನು ಕಾರ್ಖಾನೆಯಲ್ಲೇ ಹೊಡೆದರೋ, ಹಳೆಯದನ್ನು ಉಜ್ಜಿ ತೆಗೆದು ಆಮೇಲೆ ಹೊಡೆದರೋ ಎನ್ನುವುದನ್ನು ಅಂಕಿಯ ಕೆಳಗಿನ ಲೋಹವೇ ಹೇಳಬೇಕು.

1960ರ ದಶಕದ ಶೆವರ್ಲೆ ಕಾರ್ವೆಟ್ಟನ್ನೇ ನೋಡೋಣ. ಎಂಜಿನ್ನಿನ ಮುಂಭಾಗದಲ್ಲಿ, ಚಾಲಕನ ಸೀಟಿನಿಂದ ನೋಡಿದರೆ ಬಲಗಡೆಯ ಸಿಲಿಂಡರ್ ಹೆಡ್ಡಿಗೆ (ಎಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಭಾಗ) ತಾಗಿದಂತೆ, ಬೆರಳಗಲದ ಒಂದು ಸಮತಟ್ಟು ಜಾಗವಿದೆ. ನಂಬರ್ ಇರುವುದು ಅಲ್ಲಿ. ಎಣ್ಣೆಜಿಡ್ಡು ಒರೆಸಿ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಕಾರ್ಖಾನೆಯ ಯಂತ್ರ ಹೆರೆದು ಹೋದ ಕೂದಲೆಳೆಯಂಥ ಗೆರೆಗಳು ಮುಂದಿನಿಂದ ಹಿಂದಕ್ಕೆ ನೇರವಾಗಿ ಓಡುತ್ತವೆ. ಅವುಗಳ ಬದಲು ಅಡ್ಡಾದಿಡ್ಡಿ ಉಜ್ಜಿದ ಗುರುತೋ ಕನ್ನಡಿಯಂಥ ನುಣುಪೋ ಕಂಡರೆ ಅನುಮಾನಪಡಿ. ಎಂಜಿನ್ ರಿಪೇರಿಯಲ್ಲಿ ಆ ಮೇಲ್ಮೈಯನ್ನು ಪ್ರಾಮಾಣಿಕವಾಗಿಯೇ ಹೆರೆದಿರಲೂಬಹುದು, ಆಗ ನಂಬರ್ ಅಳಿಸಿಹೋಗುತ್ತದೆ. ಅದು ಮೋಸವಲ್ಲ. ಹೆರೆದ ಮೇಲೂ ಅಂಕಿಗಳು ಗರಿಗರಿಯಾಗಿ ನಿಂತಿದ್ದರೆ ಮಾತ್ರ ಕೇಳಬೇಕಾದ್ದಿದೆ.

ಎಂಜಿನ್ ಬ್ಲಾಕ್, ಅಂದರೆ ಎಂಜಿನ್ನಿನ ಮುಖ್ಯ ಲೋಹದ ಒಡಲು, ಎರಕ ಹೊಯ್ದ ದಿನವೂ ಅದರ ಮೈಮೇಲೇ ಉಬ್ಬಾಗಿ ಮೂಡಿರುತ್ತದೆ. ‘ಸಿ 14 7’ ಎಂದಿದ್ದರೆ, ಸಿ ಇಂಗ್ಲಿಷಿನ ಮೂರನೇ ಅಕ್ಷರವಾದ್ದರಿಂದ ಮೂರನೇ ತಿಂಗಳು, 14ನೇ ತಾರೀಖು, 1967. ಕಾರು ಫೆಬ್ರವರಿಯಲ್ಲೇ ತಯಾರಾಗಿತ್ತು ಎಂದಾದರೆ ಮಾರ್ಚಿನಲ್ಲಿ ಹುಟ್ಟಿದ ಎಂಜಿನ್ ಅದರದ್ದಾಗಿರಲು ಸಾಧ್ಯವೇ ಇಲ್ಲ. ನನಗೆ ಅತ್ಯಂತ ನಂಬಿಕೆಯ ಪರೀಕ್ಷೆ ಇದು, ಏಕೆಂದರೆ ಪಂಚ್ ಹೊಡೆಯುವಷ್ಟು ಸುಲಭವಾಗಿ ಎರಕದ ಅಕ್ಷರ ಬದಲಿಸಲಾಗದು.

ಚಾಸಿಯ ಕಥೆ ಬೇರೆ. 1973ರ ಪೋರ್ಷೆ 911 ಕ್ಯಾರೆರಾ ಆರ್‌ಎಸ್ 2.7 ತಯಾರಾದದ್ದು ಸುಮಾರು 1,580 ಮಾತ್ರ. ಸಾಮಾನ್ಯ 911ಕ್ಕೆ ಅದೇ ಬಾತುಬಾಲ (ಕಾರಿನ ಹಿಂತುದಿಯಲ್ಲಿ ಮೇಲೆದ್ದು ನಿಲ್ಲುವ ಸ್ಪಾಯ್ಲರ್), ಅದೇ ಅಗಲದ ಹಿಂಚಕ್ರ ಕೂರಿಸಿದರೆ ದೂರದಿಂದ ಗುರುತು ಹತ್ತುವುದಿಲ್ಲ. ಆದರೆ ಅಸಲಿ ಆರ್‌ಎಸ್‌ನ ಚಾಸಿ ನಂಬರ್ 911360 ಎಂದೇ ಶುರುವಾಗಬೇಕು. ಅದನ್ನು ಮುಂದಿನ ಲಗೇಜು ಜಾಗದ ತಗಡಿಗೇ ಹೊಡೆದಿರುತ್ತಾರೆ. ಕಾರ್ಪೆಟ್ ಎತ್ತಿ, ನಂಬರಿನ ಸುತ್ತ ಬೆರಳಾಡಿಸಿ. ಬೇರೆ ಕಾರಿನಿಂದ ಕತ್ತರಿಸಿ ತಂದ ತುಂಡಾದರೆ ವೆಲ್ಡಿಂಗಿನ ಏಣು ಎಲ್ಲಾದರೂ ಸಿಕ್ಕೇ ಸಿಗುತ್ತದೆ, ಮೇಲೆ ಎಷ್ಟೇ ಪೇಂಟ್ ಬಳಿದಿದ್ದರೂ ತಗಡಿನ ಕೆಳಮೈ ಹೇಳಿಬಿಡುತ್ತದೆ.

ಕಾಗದಪತ್ರದಲ್ಲಿ ಒಂದೇ ಮಾತು: ಮಾರುವವರು ಕೊಟ್ಟ ಪ್ರತಿ ಸಾಲದು. ಜಾಗ್ವಾರ್ ಆದರೆ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಮೂಲ ಎಂಜಿನ್ ನಂಬರ್, ಬಣ್ಣ, ತಯಾರಾದ ದಿನವನ್ನು ಪ್ರಮಾಣಪತ್ರದಲ್ಲಿ ಕೊಡುತ್ತದೆ. ಅಂಥದ್ದನ್ನು ನೀವೇ ಹೊಸದಾಗಿ ತರಿಸಿ, ಕೈಯಲ್ಲಿ ಹಿಡಿದು, ಕಾರಿನ ಪಕ್ಕ ನಿಂತು ಒಂದೊಂದೇ ಅಂಕಿ ಓದಿ ನೋಡಿ. ಮುಂಗಡದ ಮಾತು ಅದಾದ ಮೇಲೆ.