ಜಂಗಮ ಯಾರು? ಒಂದು ಹೆಸರಿನ ಜಗಳದ ಹಿನ್ನೆಲೆ

ಉತ್ತರ ಕರ್ನಾಟಕದ ಬಹಳಷ್ಟು ಊರುಗಳಲ್ಲಿ ಅಯ್ಯನೋರ ಮನೆ ಇರುತ್ತದೆ. ಅಡ್ಡಹೆಸರು ಹಿರೇಮಠ, ಸಾಲಿಮಠ ಅಥವಾ ಮಠಪತಿ. ಲಿಂಗಾಯತರ ಮದುವೆಗೆ ಅವರು ಬೇಕು. ಯಾರಾದರೂ ತೀರಿಕೊಂಡರೆ ತಲೆ ಮೇಲೆ ಪಾದ ಇಡುವುದಕ್ಕೂ ಅವರೇ ಬೇಕು. ಇವರೇ ಜಂಗಮರು. ಇವತ್ತು ಇದು ಹುಟ್ಟಿನಿಂದ ಬರುವ ಹೆಸರು. ಈ ಹೆಸರಿನ ಮೇಲೆ ಪರಿಶಿಷ್ಟ ಜಾತಿ ಪ್ರಮಾಣಪತ್ರ ಕೇಳಬಹುದೇ ಎಂಬುದೇ ಜಗಳ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹಾಗಿರಲಿಲ್ಲ. ಜಂಗಮ ಅಂದರೆ ಚಲಿಸುವುದು. ‘ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ’ ಎಂದ ಬಸವಣ್ಣ ಕಲ್ಲಿನ ಗುಡಿಗಿಂತ ಮನುಷ್ಯನ ದೇಹವೇ ದೊಡ್ಡದು ಎಂದರು. ಊರೂರು ತಿರುಗುವ ಶಿವಶರಣನೂ ಜಂಗಮನೇ. ಅವನಿಗೆ ಉಣಿಸುವುದೇ ದಾಸೋಹ. ಲಿಂಗಾಯತರು ನಂಬಿಕೆಗೆ ಕಾವಲೆಂದು ಎಣಿಸುವ ಎಂಟು ಅಂಗಗಳಲ್ಲಿ, ಅಂದರೆ ಅಷ್ಟಾವರಣದಲ್ಲಿ, ಗುರು, ಲಿಂಗ ಆದ ಮೇಲೆ ಬರುವುದೇ ಜಂಗಮ. ಹಾಗಂತ ಕಾವಿ ತೊಟ್ಟವರಿಗೆಲ್ಲ ವಚನಕಾರರು ಕೈಮುಗಿಯಲಿಲ್ಲ. ವೇಷ ಹಾಕಿ ಹೊಟ್ಟೆ ಹೊರೆಯುವವರನ್ನು ಅವರು ಬೈದಷ್ಟು ಬೇರೆ ಯಾರೂ ಬೈದಿರಲಿಕ್ಕಿಲ್ಲ. ಅಂದರೆ ಆಗ ನೋಡುತ್ತಿದ್ದದ್ದು ನಡತೆ, ಮನೆತನ ಅಲ್ಲ.

ಮುಂದೆ ಮಠಗಳು ಬೆಳೆದವು, ಜಮೀನು ಬಂತು, ಮಠದ ಹಕ್ಕು ಮನೆತನಕ್ಕೆ ಅಂಟಿತು. ಜಂಗಮರ ಹುಡುಗರಿಗೆ ಅಯ್ಯಾಚಾರ ಎಂಬ ದೀಕ್ಷೆ ಮಾಡಿ, ಜೋಳಿಗೆ ಕೊಟ್ಟು ಮನೆಮನೆಗೆ ಕಂತಿ ಭಿಕ್ಷೆಗೆ ಕಳಿಸುವ ಪದ್ಧತಿ ಉಳಿಯಿತು.

ಜಗಳ ಶುರುವಾಗುವುದು ಇದೇ ಭಿಕ್ಷೆಯ ಸುತ್ತ. 1950ರ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ, ಹೈದರಾಬಾದ್ ರಾಜ್ಯದ ಭಾಗದಲ್ಲಿ, ‘ಬೇಡ (ಬುಡ್ಗ) ಜಂಗಮ’ ಎಂಬ ಹೆಸರಿದೆ. ತಂಬೂರಿ ಹಿಡಿದು ಬುರ್ರಕಥೆ ಹೇಳುವ, ಹಗಲುವೇಷ ಹಾಕಿ ಊರೂರು ಅಲೆಯುವ ಬಡ ಸಮುದಾಯ ಅದು. ಅವರಲ್ಲಿ ಜಾಸ್ತಿ ಜನರ ಮನೆಮಾತು ತೆಲುಗು. ರಾಜ್ಯಗಳ ವಿಂಗಡಣೆ ಆದ ಮೇಲೆ ಈ ಹೆಸರು ನಮ್ಮಲ್ಲಿ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗಷ್ಟೇ ಸೀಮಿತವಾಗಿತ್ತು. 1976ರ ತಿದ್ದುಪಡಿ ಕಾಯ್ದೆ ಆ ಗಡಿ ತೆಗೆದು ಇಡೀ ರಾಜ್ಯಕ್ಕೆ ಹಬ್ಬಿಸಿತು.

ಆಗ ಒಂದು ವಾದ ಬಲವಾಯಿತು: ಬೇಡ ಜಂಗಮ ಅಂದರೆ ಬೇಡುವ ಜಂಗಮ, ನಾವೂ ಭಿಕ್ಷೆ ಬೇಡುವವರೇ ತಾನೇ? ವೀರಶೈವ ಜಂಗಮರಲ್ಲಿ ಕೆಲವರು ಹೀಗೆ ಹೇಳಿ ಪರಿಶಿಷ್ಟ ಜಾತಿ ಪ್ರಮಾಣಪತ್ರ ಕೇಳಿದರು. ದಲಿತ ಸಂಘಟನೆಗಳು ಒಪ್ಪಲಿಲ್ಲ. ಪಾದಪೂಜೆ ಮಾಡಿಸಿಕೊಳ್ಳುವವರು ಅಸ್ಪೃಶ್ಯತೆ ಕಂಡವರು ಹೇಗಾದಾರು ಎಂಬುದು ಅವರ ಪ್ರಶ್ನೆ. ನನಗೂ ಇದೇ ಸರಿ ಅನಿಸುತ್ತದೆ. ಪಟ್ಟಿ ಇರುವುದು ಅಸ್ಪೃಶ್ಯತೆಗೆ, ಭಿಕ್ಷೆಗಲ್ಲ. ಜಂಗಮರಲ್ಲೂ ಬಡವರಿದ್ದಾರೆ, ಅದು ಬೇರೆ ಮಾತು.

ವಿಷಯ ಕೋರ್ಟಿಗೂ ಹೋಯಿತು, ಬೀದಿಗೂ ಬಂತು. ತಹಸೀಲ್ದಾರ್ ಕಚೇರಿಯಲ್ಲಿ ಇವತ್ತೂ ನೋಡುವುದು ಶಾಲೆಯ ದಾಖಲೆ, ಮನೆತನದ ಕಾಗದಪತ್ರ. ಹಿರೇಮಠರ ಮನೆಯಲ್ಲಿ ಅವು ಸಿಕ್ಕಾವು. ಗುಡಾರ ಕಿತ್ತುಕೊಂಡು ಮುಂದಿನ ಊರಿಗೆ ಹೋಗುವ ಹಗಲುವೇಷದವರು ಅವನ್ನು ಎಲ್ಲಿಂದ ತರಬೇಕು?